ಅಕ್ಕಿಯ ಕಲ್ಲು ಮತ್ತು ಹಳೆಯ ಕಾರು

ಹಳೆಯ ಸಾಮಾನು ಕೊಳ್ಳುವುದು ನಮ್ಮ ಹೆಂಗಸರಿಗೆ ಹೊಸ ವಿದ್ಯೆಯೇನಲ್ಲ. ತಾಮ್ರದ ಹಂಡೆ ಕೊಳ್ಳುವಾಗ ಬೆರಳಿನಿಂದ ತಟ್ಟಿ ನಾದ ಕೇಳುತ್ತೇವೆ. ತಳವನ್ನು ಬೆಳಕಿಗೆ ಹಿಡಿದು, ತೂತು ಮುಚ್ಚಿದ ಬೆಸುಗೆಯೇನಾದರೂ ಇದೆಯೇ ಎಂದು ನೋಡುತ್ತೇವೆ. ಹೊಲಿಗೆ ಯಂತ್ರವಾದರೆ ಒಂದು ತುಂಡು ಬಟ್ಟೆ ಇಟ್ಟು ಓಡಿಸಿ ನೋಡುತ್ತೇವೆ. ದನದ ಜಾತ್ರೆಯಲ್ಲಿ ಗಂಡಸರು ಎತ್ತಿನ ಹಲ್ಲು ಎಣಿಸಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ, ಆಮೇಲೆ ಟವೆಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುತ್ತಾರೆ. ಈ ಪರೀಕ್ಷೆಗಳಿಗೆಲ್ಲ ಕಾರಣ ಒಂದೇ. ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿರುವುದಿಲ್ಲ.

ಈಗ ನಮ್ಮ ಸಣ್ಣ ಊರುಗಳಲ್ಲೂ ಸೆಕೆಂಡ್ ಹ್ಯಾಂಡ್ ಕಾರುಗಳ ವ್ಯಾಪಾರ ಜೋರಾಗಿದೆ. ಅವುಗಳ ನಡುವೆ ಒಂದು ವಿಶೇಷ ಜಾತಿಯಿದೆ. ಹುಡುಗರು ಅದನ್ನು 'ಮಾಡಿಫೈ ಮಾಡಿಸಿದ ಗಾಡಿ' ಎನ್ನುತ್ತಾರೆ. ಕಂಪನಿಯವರು ಕೊಟ್ಟ ವೇಗ ಸಾಲದೆಂದು ಎಂಜಿನ್ನಿನ ಶಕ್ತಿ ಹೆಚ್ಚಿಸಿ, ಸೈಲೆನ್ಸರ್ ಬದಲಿಸಿ, ಸ್ಪ್ರಿಂಗುಗಳನ್ನು ಗಿಡ್ಡ ಮಾಡಿಸಿ, ಅಗಲದ ಟೈರು ಹಾಕಿಸಿದ ಕಾರು ಅದು. ಮಗ ಇಂಥದೊಂದನ್ನು ತೋರಿಸಿದಾಗ ತಾಯಿ ಸಾಮಾನ್ಯವಾಗಿ ಕೇಳುವುದು, "ಅಷ್ಟು ವೇಗ ಯಾಕಪ್ಪ?" ಎಂದು. ಈ ಪ್ರಶ್ನೆಗೆ ಯಾವ ಮಗನೂ ಉತ್ತರ ಕೊಟ್ಟದ್ದನ್ನು ನಾನು ಕಂಡಿಲ್ಲ. ಚರಿತ್ರೆ ಪಾಠ ಹೇಳಿ ಅಭ್ಯಾಸವಾದವಳಿಗೆ ಬೇರೆ ಪ್ರಶ್ನೆಯೇ ಮೇಲೆನಿಸುತ್ತದೆ: "ಈ ಕಾರಿನ ಚರಿತ್ರೆ ಏನು?"

ಒಂದು ಕಾರಿನ ಚರಿತ್ರೆಯನ್ನು ಕೇಳುವ ಮೊದಲು ಇಂಥ ಕಾರುಗಳ ಚರಿತ್ರೆಯನ್ನು ಸ್ವಲ್ಪ ತಿಳಿಯುವುದು ಒಳ್ಳೆಯದು. ಅದಕ್ಕೆ ಅಮೆರಿಕಕ್ಕೆ ಹೋಗಬೇಕು. ೧೯೩೨ರಲ್ಲಿ ಫೋರ್ಡ್ ಕಂಪನಿ ಎಂಟು ಸಿಲಿಂಡರಿನ 'ವಿ-೮' ಎಂಜಿನ್ನನ್ನು ಸಾಮಾನ್ಯರ ಕೈಗೆಟುಕುವ ಕಾರಿನಲ್ಲಿ ಕೂರಿಸಿತು. ಅದರ ಹಿಂದಿನ 'ಮಾಡೆಲ್ ಎ' ಕಾರಿಗೆ ೪೦ ಅಶ್ವಶಕ್ತಿಯಿದ್ದರೆ ಇದಕ್ಕೆ ೬೫. ಆಗ ಅಮೆರಿಕದಲ್ಲಿ ಪಾನನಿಷೇಧದ ಕೊನೆಯ ದಿನಗಳು. ೧೯೨೦ರಲ್ಲಿ ಜಾರಿಗೆ ಬಂದ ನಿಷೇಧ ೧೯೩೩ರಲ್ಲಿ ಮುಗಿಯಿತು. ಆದರೆ ತೆರಿಗೆ ಕೊಡದೆ ಬೆಟ್ಟದೊಳಗೆ ಕಾಯಿಸುವ ಕಳ್ಳಬಟ್ಟಿ ಮುಗಿಯಲಿಲ್ಲ. ರಾತ್ರಿಯ ಹೊತ್ತು ಅದನ್ನು ಸಾಗಿಸುವ ಯುವಕರಿಗೆ ಫೋರ್ಡ್ ವಿ-೮ ವರವಾಗಿ ಬಂತು. ಅವರು ಎಂಜಿನ್ನನ್ನು ತಿದ್ದಿ ವೇಗ ಹೆಚ್ಚಿಸಿದರು. ಸರಕು ತುಂಬಿದಾಗ ಕಾರಿನ ಹಿಂಭಾಗ ಕುಸಿದು ಪೊಲೀಸರಿಗೆ ಅನುಮಾನ ಬರಬಾರದೆಂದು ಹಿಂದಿನ ಸ್ಪ್ರಿಂಗುಗಳನ್ನು ಗಟ್ಟಿ ಮಾಡಿಸಿದರು. ಹೊರಗಿನಿಂದ ಅದು ಯಾವುದೋ ಸಂಸಾರಸ್ಥನ ಕಾರು. ಒಳಗಿನ ಸಂಗತಿಯೇ ಬೇರೆ. ಮಾರ್ಪಡಿಸಿದ ಕಾರಿಗೆ ಹುಟ್ಟಿನಿಂದಲೇ ಮುಚ್ಚಿಡುವ ಗುಣ ಬಂದದ್ದು ಹೀಗೆ.

ಈ ಸಾಗಾಣಿಕೆದಾರರಲ್ಲಿ ಕೆಲವರು ಮುಂದೆ ರೇಸಿನ ಕಣಕ್ಕೆ ಇಳಿದರು. ೧೯೪೮ರಲ್ಲಿ ಬಿಲ್ ಫ್ರಾನ್ಸ್ ಅವರ ಮುಂದಾಳುತನದಲ್ಲಿ ಹುಟ್ಟಿದ 'ನಾಸ್ಕಾರ್' ಸಂಸ್ಥೆಯ ಆರಂಭದ ಪೈಪೋಟಿಗಳಲ್ಲಿ ಇಂಥವರು ಇದ್ದರು. ಜೂನಿಯರ್ ಜಾನ್ಸನ್ ಎಂಬ ಹೆಸರಾಂತ ಚಾಲಕ ೧೯೫೬ರಲ್ಲಿ ಸಿಕ್ಕಿಬಿದ್ದು ಸೆರೆಮನೆ ವಾಸ ಅನುಭವಿಸಿದ. ಆದರೆ ಸಿಕ್ಕಿಬಿದ್ದದ್ದು ರಸ್ತೆಯಲ್ಲಲ್ಲ, ತಂದೆಯ ಬಟ್ಟಿಯ ಬಳಿ. ಒಟ್ಟು ಐವತ್ತು ರೇಸುಗಳನ್ನು ಗೆದ್ದು ದೊಡ್ಡ ಹೆಸರು ಮಾಡಿದ. ೧೯೮೬ರಲ್ಲಿ ಅಧ್ಯಕ್ಷ ರೇಗನ್ ಆತನಿಗೆ ಕ್ಷಮಾದಾನ ನೀಡಿದರು.

ಇನ್ನೊಂದು ಧಾರೆ ಕ್ಯಾಲಿಫೋರ್ನಿಯಾದ್ದು. ಅಲ್ಲಿಯ ಮ್ಯೂರಾಕ್‌ನಂಥ ಒಣಗಿದ ಕೆರೆಗಳ ಗಟ್ಟಿ ನೆಲದ ಮೇಲೆ ೧೯೩೦ರ ದಶಕದಲ್ಲಿ ಹುಡುಗರು ಹಳೆಯ ಫೋರ್ಡುಗಳ ಮಡ್‌ಗಾರ್ಡು, ಮೇಲ್ಛಾವಣಿ ಕಿತ್ತು ಹಗುರ ಮಾಡಿ ಓಡಿಸುತ್ತಿದ್ದರು. ೧೯೩೭ರಲ್ಲಿ ಅವರ ಸಂಘಗಳೆಲ್ಲ ಸೇರಿ ಒಂದು ಒಕ್ಕೂಟ ಕಟ್ಟಿದವು. ಎರಡನೆಯ ಮಹಾಯುದ್ಧ ಮುಗಿದು ಸೈನಿಕರು ಊರಿಗೆ ಮರಳಿದಾಗ ಈ ಹವ್ಯಾಸ ದೇಶಕ್ಕೆಲ್ಲ ಹಬ್ಬಿತು. ಯುದ್ಧದಲ್ಲಿ ಯಂತ್ರಗಳೊಂದಿಗೆ ಪಳಗಿದ ಕೈಗಳು. ಕೈಯಲ್ಲಿ ಒಂದಿಷ್ಟು ಹಣ. ೧೯೪೮ರ ಜನವರಿಯಲ್ಲಿ 'ಹಾಟ್ ರಾಡ್' ಎಂಬ ಮಾಸಪತ್ರಿಕೆಯೇ ಶುರುವಾಯಿತು. ಬೀದಿಯಲ್ಲಿ ಪಂದ್ಯ ಕಟ್ಟಿ ಸಾಯುವವರನ್ನು ಕಂಡು, ಅದರ ಸಂಪಾದಕ ವಾಲಿ ಪಾರ್ಕ್ಸ್ ೧೯೫೧ರಲ್ಲಿ ಒಂದು ರಾಷ್ಟ್ರೀಯ ಸಂಘ ಸ್ಥಾಪಿಸಿದರು. ಬೀದಿ ಬಿಟ್ಟು ಕಣಕ್ಕೆ ಬನ್ನಿ, ಓಟಕ್ಕೆ ಮುನ್ನ ಕಾರಿನ ತಪಾಸಣೆಗೆ ಒಪ್ಪಿಕೊಳ್ಳಿ ಎಂಬುದು ಅವರ ಹಟ.

ಇಲ್ಲಿ ಗಮನಿಸಬೇಕಾದ ಒಂದು ಮಾತಿದೆ. ಕಾರನ್ನು ಕಟ್ಟಿದವನೇ ಓಡಿಸುತ್ತಿದ್ದಷ್ಟು ಕಾಲ ಅಪಾಯ ಅವನ ಕಣ್ಣೆದುರಿಗೆ ಇತ್ತು. ಯಾವ ಬೋಲ್ಟು ಬಿಗಿ, ಯಾವುದು ಸಡಿಲ, ಯಾವ ಕೆಲಸವನ್ನು ದುಡ್ಡಿಲ್ಲದೆ ಅರ್ಧಕ್ಕೆ ಬಿಟ್ಟೆ ಎಂಬುದೆಲ್ಲ ಅವನಿಗೆ ಗೊತ್ತು. ಅದೇ ಕಾರು ಎರಡನೆಯವನ ಕೈಗೆ ಬಂದಾಗ ಶಕ್ತಿ ಬಂತು, ತಿಳಿವಳಿಕೆ ಬರಲಿಲ್ಲ. ಮೂರನೆಯವನಿಗಂತೂ ಬರೀ ಬಣ್ಣ, ಬರೀ ಸದ್ದು.

ಈ ಕಷ್ಟವನ್ನು ಅರ್ಥಶಾಸ್ತ್ರದ ಪಾಠವಾಗಿ ಮಾಡಿದವರು ಜಾರ್ಜ್ ಅಕೆರ್ಲಾಫ್. ಹಳೆಯ ಕಾರಿನ ಮಾರುಕಟ್ಟೆಯ ಬಗ್ಗೆ ಅವರು ಬರೆದ ಲೇಖನವನ್ನು ಮೂರು ಪತ್ರಿಕೆಗಳು ತಿರಸ್ಕರಿಸಿದವು; ಕಡೆಗೆ ೧೯೭೦ರಲ್ಲಿ ಅಚ್ಚಾಯಿತು; ೨೦೦೧ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಬಹುಮಾನ ಬಂತು. ಕೆಟ್ಟ ಕಾರಿಗೆ ಅಮೆರಿಕದ ಆಡುಮಾತಿನಲ್ಲಿ 'ನಿಂಬೆಹಣ್ಣು' ಎನ್ನುತ್ತಾರೆ. ಅವರ ತರ್ಕ ಸರಳವಾದದ್ದು. ಒಳ್ಳೆಯದು ಯಾವುದು, ನಿಂಬೆಹಣ್ಣು ಯಾವುದು ಎಂದು ಕೊಳ್ಳುವವನಿಗೆ ಗೊತ್ತಾಗದಿದ್ದರೆ ಅವನು ಎಲ್ಲಕ್ಕೂ ನಡುವಿನ ಬೆಲೆ ಹೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನ ಒಡೆಯ ಮಾರುವುದಿಲ್ಲ, ಮನೆಯಲ್ಲೇ ಇಟ್ಟುಕೊಳ್ಳುತ್ತಾನೆ. ಹೀಗೆ ಒಳ್ಳೆಯವು ಒಂದೊಂದಾಗಿ ಹಿಂದೆ ಸರಿದು ಸಂತೆಯಲ್ಲಿ ಉಳಿಯುವುದು ಕೆಟ್ಟವೇ.

ಲೇಖನ ಅಚ್ಚಾಗುವ ಮುನ್ನ, ೧೯೬೭-೬೮ರಲ್ಲಿ ಅಕೆರ್ಲಾಫ್ ದೆಹಲಿಯ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿದ್ದರು. ಆ ಲೇಖನದಲ್ಲಿ ನಮ್ಮ ದೇಶದ ಗೃಹಿಣಿಯರ ಪ್ರಸ್ತಾಪವೂ ಬರುತ್ತದೆ. ಅಕ್ಕಿಯದೇ ಬಣ್ಣ, ಅಕ್ಕಿಯದೇ ಆಕಾರದ ಕಲ್ಲುಗಳನ್ನು ಬೇಕೆಂತಲೇ ಬೆರೆಸಿರುತ್ತಾರೆ, ಹೆಂಗಸರು ಅವನ್ನು ಒಂದೊಂದಾಗಿ ಆರಿಸಬೇಕಾಗುತ್ತದೆ ಎಂದು ಅವರು ಬರೆದಿದ್ದಾರೆ. ಮೊರ ಹಿಡಿದು ಕೂತ ನಮ್ಮ ತಾಯಂದಿರ ಬೇಸರದ ಕೆಲಸವನ್ನು ಒಬ್ಬ ಅರ್ಥಶಾಸ್ತ್ರಜ್ಞ ಹಳೆಯ ಕಾರಿನ ಪಕ್ಕದಲ್ಲಿಟ್ಟು ನೋಡಿದ್ದು ನನಗೆ ತುಂಬಾ ಹಿಡಿಸಿತು. ಕಾರಿನ ವಿಷಯ ನಮಗೇನು ತಿಳಿಯುತ್ತದೆ ಎನ್ನುವ ಹೆಂಗಸರಿಗೆ ನಾನು ಇದನ್ನೇ ಹೇಳುತ್ತೇನೆ. ಕಲ್ಲು ಆರಿಸುವುದು ನಿಮಗೆ ಗೊತ್ತಲ್ಲ!

ಮಾರ್ಪಡಿಸಿದ ಕಾರಿನಲ್ಲಿ ಕಲ್ಲು ಎಲ್ಲಿರುತ್ತದೆ? ಟರ್ಬೊ ಎಂಬ ಸಾಧನವನ್ನು ತೆಗೆದುಕೊಳ್ಳೋಣ. ಎಂಜಿನ್ನಿನಿಂದ ಹೊರಹೋಗುವ ಬಿಸಿ ಹೊಗೆ ಒಂದು ಸಣ್ಣ ಚಕ್ರವನ್ನು ತಿರುಗಿಸುತ್ತದೆ. ಆ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಒಳಕ್ಕೆ ತಳ್ಳುತ್ತದೆ. ಹೆಚ್ಚು ಗಾಳಿ, ಹೆಚ್ಚು ಪೆಟ್ರೋಲು, ಹೆಚ್ಚು ಶಕ್ತಿ. ಒತ್ತಡ ಮಿತಿ ಮೀರದಂತೆ ಒಂದು ಕವಾಟ ತೆರೆದುಕೊಳ್ಳುತ್ತದೆ. ನಮ್ಮ ಕುಕ್ಕರಿನ ವೆಯಿಟ್ ಮಾಡುವ ಕೆಲಸವೇ ಇದು. ಆ ಕವಾಟ ತಡವಾಗಿ ತೆರೆಯುವಂತೆ ಮಾಡಿದರೆ ಶಕ್ತಿ ಏರುತ್ತದೆ. ಕುಕ್ಕರಿನ ವೆಯಿಟ್ ಮೇಲೆ ಇನ್ನೊಂದು ಕಲ್ಲಿಟ್ಟು ಬೇಗ ಬೇಯಿಸಿದಂತೆ! ಗಾಳಿಗೆ ತಕ್ಕಷ್ಟು ಪೆಟ್ರೋಲು ಸಿಗದಿದ್ದರೆ ಒಳಗೆ ಅಕಾಲದಲ್ಲಿ ಸ್ಫೋಟವಾಗಿ ಪಿಸ್ಟನ್ನು ಸೀಳಬಹುದು, ಕರಗಲೂಬಹುದು. ಚೆನ್ನಾಗಿ ಲೆಕ್ಕ ಹಾಕಿ ಮಾಡುವವರೂ ಇದ್ದಾರೆ. ಅಂಥವರು ಎಂಜಿನ್ನಿನ ಜೊತೆಗೆ ಕ್ಲಚ್ಚು, ಬ್ರೇಕು, ನೀರು ತಂಪಾಗುವ ವ್ಯವಸ್ಥೆಯನ್ನೂ ಬಲಪಡಿಸುತ್ತಾರೆ. ಶಕ್ತಿಯನ್ನು ಮಾತ್ರ ಹೆಚ್ಚಿಸಿ ಬ್ರೇಕನ್ನು ಹಾಗೆಯೇ ಬಿಟ್ಟವನ ಕಾರನ್ನು ಯಾವ ಬೆಲೆಗೂ ಕೊಳ್ಳಬಾರದು.

ಮೊದಲು ಈ ಬದಲಾವಣೆಗಳು ಕಣ್ಣಿಗೆ ಕಾಣುತ್ತಿದ್ದವು. ಎಂಜಿನ್ನನ್ನು ಕಂಪ್ಯೂಟರು ನಡೆಸತೊಡಗಿದ ಮೇಲೆ ಬದಲಾವಣೆ ಬರೀ ಅಂಕಿಗಳದ್ದಾಯಿತು. ಮಾರುವ ಮುನ್ನ ಹಳೆಯ ಅಂಕಿಗಳನ್ನು ಮತ್ತೆ ತುಂಬಿ, ಹಳೆಯ ಸೈಲೆನ್ಸರ್ ಕೂಡಿಸಿ, "ಕಂಪನಿ ಗಾಡಿ, ಏನೂ ಮುಟ್ಟಿಲ್ಲ" ಎಂದರೆ ನೋಡುವವರಿಗೆ ತಿಳಿಯುವುದು ಕಷ್ಟ. ಸವೆದ ಗೇರುಗಳು ಮಾತ್ರ ಹಳೆಯದಕ್ಕೆ ಮರಳುವುದಿಲ್ಲ.

ಅಮೆರಿಕದವರು ಇದಕ್ಕೆ ಕಾನೂನಿನ ಕಡೆಯಿಂದ ಔಷಧಿ ಹುಡುಕಿದರು. ೧೯೭೨ರಲ್ಲಿ ಮೀಟರ್ ಹಿಂದಕ್ಕೆ ತಿರುಗಿಸುವುದನ್ನು ಕೇಂದ್ರ ಕಾನೂನು ನಿಷೇಧಿಸಿತು. ೧೯೮೫ರಿಂದ, ಹಳೆಯ ಕಾರು ಮಾರುವ ಡೀಲರುಗಳು ಪ್ರತಿ ಕಾರಿನ ಕಿಟಕಿಗೆ ಒಂದು ಚೀಟಿ ಅಂಟಿಸಬೇಕೆಂದಾಯಿತು. ಈ ಕಾರಿಗೆ ಗ್ಯಾರಂಟಿ ಇದೆಯೋ, ಅಥವಾ ಇದ್ದದ್ದು ಇದ್ದ ಹಾಗೆ ಮಾರುತ್ತಿದ್ದೇವೋ ಎಂಬುದು ಅದರಲ್ಲಿರಬೇಕು. ನೇರವಾಗಿ ಮಾರುವ ಒಡೆಯನಿಗೆ ಈ ನಿಯಮವಿಲ್ಲ. ಮಾರ್ಪಡಿಸಿದ ಕಾರುಗಳಲ್ಲಿ ಎಷ್ಟೋ ಕೈ ಬದಲಾಗುವುದು ಹೀಗೆ ಒಡೆಯನಿಂದ ಒಡೆಯನಿಗೇ.

ನಮ್ಮ ದೇಶದ ಕಾನೂನು ಇನ್ನೂ ಬಿಗಿ. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮಿನ ಪ್ರಕಾರ, ಆರ್.ಸಿ.ಯಲ್ಲಿರುವ ವಿವರಗಳು ತಯಾರಕರು ನಿಗದಿಪಡಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. ಕೇರಳದಿಂದ ಬಂದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ೨೦೧೯ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ, ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ ಐದು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗೆ ಸಜೆ, ಅಥವಾ ಎರಡನ್ನೂ ವಿಧಿಸಬಹುದೆಂದಿತು. ೨೦೧೮ರ ಇನ್ನೊಂದು ತೀರ್ಪು ಹೆಂಗಸರು ನೆನಪಿಡಬೇಕಾದದ್ದು. ಅಲ್ಲಿ ಕಾರು ಕೈಯಿಂದ ಕೈಗೆ ದಾಟಿತ್ತು, ದಾಖಲೆಯಲ್ಲಿ ಹೆಸರು ಮಾತ್ರ ಬದಲಾಗಿರಲಿಲ್ಲ. ಅಪಘಾತವಾದಾಗ ಪರಿಹಾರದ ಹೊಣೆ ದಾಖಲೆಯಲ್ಲಿ ಹೆಸರಿದ್ದವನ ಮೇಲೆಯೇ ಬಿತ್ತು. ನಮ್ಮ ಎಷ್ಟೋ ಮನೆಗಳಲ್ಲಿ ಸ್ಟೀರಿಂಗು ಮಗನ ಕೈಯಲ್ಲಿ, ಆರ್.ಸಿ. ತಾಯಿಯ ಹೆಸರಿನಲ್ಲಿ. ವಿಮೆ ಕಂಪನಿಗೆ ತಿಳಿಸದ ಬದಲಾವಣೆಗಳಿದ್ದು, ಅವರು ಹಣ ಕೊಡಲು ತಕರಾರು ತೆಗೆದರೆ ಕೋರ್ಟಿನ ನೋಟೀಸು ಯಾರ ಹೆಸರಿಗೆ ಬರುತ್ತದೆಂದು ಯೋಚಿಸಿ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಾಯಿ ಹೋದ ವರ್ಷ ಇದೇ ಚಿಂತೆ ಹೊತ್ತು ಬಂದರು. ಗಂಡ ತೀರಿಕೊಂಡ ಮೇಲೆ ಬಂದ ಪ್ರಾವಿಡೆಂಟ್ ಫಂಡಿನ ಹಣದಲ್ಲಿ ಮಗ ಟರ್ಬೊ ಒತ್ತಡ ಹೆಚ್ಚಿಸಿದ ಕಾರೊಂದನ್ನು ಕೇಳುತ್ತಿದ್ದ. "ಟೀಚರ್, ನನಗೇನು ಗೊತ್ತಾಗುತ್ತೆ, ನೀವೇ ಅವನಿಗೆ ಬುದ್ಧಿ ಹೇಳಿ" ಎಂದರು. ನಾನು ಅವನಿಗೆ ಬುದ್ಧಿ ಹೇಳಲಿಲ್ಲ. ನೀವೂ ಅವನ ಜೊತೆ ಹೋಗಿ ಮೂರು ಪ್ರಶ್ನೆ ಕೇಳಿ ಎಂದೆ. ಕೆಲಸ ಮಾಡಿದವರು ಯಾರು, ಬಿಲ್ಲುಗಳೆಲ್ಲಿ? ಬಿಚ್ಚಿದ ಕಂಪನಿ ಭಾಗಗಳು ಇವೆಯೇ? ಈ ಬದಲಾವಣೆ ಆರ್.ಸಿ.ಯಲ್ಲಿ, ವಿಮೆಯಲ್ಲಿ ಇದೆಯೇ? ಮಾರುವ ಹುಡುಗ ಮೊದಲ ಎರಡಕ್ಕೆ ಸಮಾಧಾನವಾಗಿ ಉತ್ತರ ಕೊಟ್ಟನಂತೆ, ಬಿಲ್ಲುಗಳನ್ನೂ ತೋರಿಸಿದನಂತೆ. ಮೂರನೆಯದಕ್ಕೆ ನಕ್ಕು, "ಅದನ್ನೆಲ್ಲ ಯಾರು ನೋಡ್ತಾರೆ ಬಿಡಿ ಅಮ್ಮಾ" ಎಂದನಂತೆ. ಆಕೆ ಕೈಚೀಲದಿಂದ ಮುಂಗಡ ಹಣ ತೆಗೆಯಲಿಲ್ಲ. ಮಗ ಎರಡು ವಾರ ಸರಿಯಾಗಿ ಮಾತಾಡಲಿಲ್ಲ. ಆ ಕಾರು ಬಹುಶಃ ವರ್ಷಗಟ್ಟಲೆ ಚೆನ್ನಾಗಿಯೇ ಓಡೀತು. ಹುಡುಗನ ಆಸೆಯೂ ಸುಳ್ಳಲ್ಲ. ಆದರೆ ಕಾರಿನ ಜೊತೆ ಆಕೆಯ ಹೆಸರಿಗೆ ಬರಲಿದ್ದ ಹೊಣೆಗೆ ಯಾರೂ ಬೆಲೆ ಕಟ್ಟಿರಲಿಲ್ಲ.

ಹಾಗೆಂದು ಇಂಥ ಕಾರನ್ನು ಯಾರೂ ಕೊಳ್ಳಲೇಬಾರದೆಂದು ನಾನು ಹೇಳುವುದಿಲ್ಲ. ಮದುವೆಯಾಯಿತು, ಮಗುವಾಯಿತು, ಮನೆ ಕಟ್ಟಬೇಕು ಎಂದು ಒಳ್ಳೆಯ ಕಾರನ್ನು ಮನಸ್ಸಿಲ್ಲದೆ ಮಾರುವವರೂ ಇದ್ದಾರೆ. ಅದಕ್ಕೇ ಮಾರುವ ಕಾರಣವನ್ನು ವಿಚಾರಿಸಬೇಕು. ನೋಡಲು ಹೋಗುವಾಗ ಎಂಜಿನ್ನು ತಣ್ಣಗಿರಲಿ ಎಂದು ಮೊದಲೇ ಹೇಳಬೇಕು. ಬಿಸಿಯಾದ ಎಂಜಿನ್ನು ಕೆಲವು ರೋಗಗಳನ್ನು ಮುಚ್ಚಿಡುತ್ತದೆ. ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆಯೆಂದು ಅರ್ಥ. ನಮ್ಮ ಕಡೆಯ ಮೆಕ್ಯಾನಿಕ್ಕನ್ನು ಕರೆದೊಯ್ದು ಸಿಲಿಂಡರುಗಳ ಒತ್ತಡ ಅಳೆಸಬೇಕು. ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ ಅಂಕಿ ಬರಬೇಕು. ಎಂಜಿನ್ ನಂಬರು, ಚಾಸಿ ನಂಬರುಗಳನ್ನು ಆರ್.ಸಿ.ಯೊಂದಿಗೆ ಹೋಲಿಸಬೇಕು. ಇದ್ದ ಹಣವನ್ನೆಲ್ಲ ಕಾರಿಗೇ ಸುರಿಯದೆ ರಿಪೇರಿಗೆಂದು ಒಂದು ಪಾಲು ತೆಗೆದಿಡಬೇಕು. ಅವಸರ ಮಾಡುವ ಮಾರಾಟಗಾರನಿಗೆ ನಮಸ್ಕಾರ ಹೇಳಿ ಬರಬೇಕು.

ಕಾರು ತಿದ್ದುವ ಹುಡುಗರಿಗೂ ಒಂದು ಮಾತಿದೆ. ನಿಮ್ಮ ತಾಯಿ ಹಾಲಿನ ಲೆಕ್ಕ, ಚೀಟಿಯ ಲೆಕ್ಕ ಬರೆದಿಡುವಂಥದೇ ಒಂದು ನೋಟ್‌ಬುಕ್ ಕಾರಿನಲ್ಲಿ ಇಡಿ. ಯಾವ ತಾರೀಖು ಏನು ಬದಲಿಸಿದಿರಿ, ಯಾರ ಕೈಯಲ್ಲಿ ಮಾಡಿಸಿದಿರಿ, ಆರ್.ಟಿ.ಓ.ದಿಂದ ಏನು ಅನುಮತಿ ಪಡೆದಿರಿ, ವಿಮೆಯವರಿಗೆ ಯಾವಾಗ ತಿಳಿಸಿದಿರಿ ಎಂಬುದನ್ನು ಬರೆಯಿರಿ. ಕೆಟ್ಟದ್ದನ್ನೂ ಬರೆಯಿರಿ. ಮಾರುವ ದಿನ ಬಂದಾಗ ಆ ಪುಸ್ತಕವನ್ನು ಕೀಲಿಕೈ ಜೊತೆಗೇ ಕೊಡಿ. ಅದನ್ನು ಓದಿ ಕೊಳ್ಳುವವರು ನಾಲ್ಕು ಕಾಸು ಹೆಚ್ಚಿಗೆ ಕೊಡಲು ಹಿಂದೆಮುಂದೆ ನೋಡುವುದಿಲ್ಲ.