ಪಂಡಿತಾ ರಮಾಬಾಯಿಯವರ ದೈವಕೇಂದ್ರಿತ ಜೀವನ

ಮುಂಬಯಿಯಿಂದ ಸೊಲ್ಲಾಪುರ, ಕಲಬುರ್ಗಿಗಳ ಕಡೆಗೆ ಪ್ರಯಾಣ ಮಾಡುವ ಕನ್ನಡಿಗರು ಪುಣೆಯನ್ನು ಬಿಟ್ಟು ದೌಂಡನ್ನು ಮುಟ್ಟುವ ಮೊದಲು ಕೇಡಗಾಂವ್ ಎಂಬ ಚಿಕ್ಕ ನಿಲ್ದಾಣವನ್ನು ಹಾದುಹೋಗುತ್ತಾರೆ. ಪಂಡಿತಾ ರಮಾಬಾಯಿಯವರ 'ಮುಕ್ತಿ' ಆಶ್ರಮ ಇಲ್ಲಿಯದು. ಅವರು ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. ಮನೆಮಾತು ಮರಾಠಿ. ಆದರೆ ಈ ನೆಲದ ನಂಟಿಗಾಗಿ ಮಾತ್ರವೇ ಅವರನ್ನು ನೆನೆಯುವುದು ನನ್ನ ಉದ್ದೇಶವಲ್ಲ. ಸ್ತ್ರೀಶಿಕ್ಷಣದ ಪ್ರವರ್ತಕಿಯೆಂದು ಅವರನ್ನು ಕೊಂಡಾಡುವವರು ಅವರ ಕ್ರೈಸ್ತ ಶ್ರದ್ಧೆಯನ್ನು ಸಂಕೋಚದಿಂದ ಬದಿಗೆ ಸರಿಸುತ್ತಾರೆ. ಮತಾಂತರವನ್ನು ಹೊಗಳುವವರೂ ತೆಗಳುವವರೂ 1883ರ ದೀಕ್ಷಾಸ್ನಾನದೊಡನೆ ಕಥೆ ಮುಗಿಯಿತೆಂದು ತಿಳಿಯುತ್ತಾರೆ. ವಾಸ್ತವವಾಗಿ ಅದು ಅಲ್ಲಿಗೆ ಮುಗಿಯಲಿಲ್ಲ. ಅಲ್ಲಿ ಆರಂಭವಾಯಿತೆಂದೂ ಹೇಳಲಾಗದು.

ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಹೆಂಡತಿಗೆ ಸಂಸ್ಕೃತ ಕಲಿಸಿ ಸ್ವಜನರ ವಿರೋಧವನ್ನು ಕಟ್ಟಿಕೊಂಡವರು. ಊರೂರು ತಿರುಗಿ ಪುರಾಣ ಹೇಳಿ ಸಂಸಾರ ಸಾಗಿಸಿದವರು. ಬರಗಾಲ ಬಂದಾಗ ಇದ್ದುದನ್ನೆಲ್ಲ ದಾನಧರ್ಮಕ್ಕೂ ತೀರ್ಥಕ್ಷೇತ್ರಗಳಿಗೂ ವೆಚ್ಚಮಾಡಿ ಆ ಕುಟುಂಬವು ಹಸಿದು ಕುಳಿತಿತು. ಮರಣ ಸಮೀಪಿಸಿದಾಗ ತಂದೆ ತನ್ನನ್ನು ದೇವರ ಕೈಗೆ ಒಪ್ಪಿಸಿ, ಬಾಳಿನುದ್ದಕ್ಕೂ ಆತನೊಬ್ಬನನ್ನೇ ಸೇವಿಸಬೇಕೆಂದು ಹೇಳಿದರೆಂದು ರಮಾಬಾಯಿಯವರು ಬರೆದಿದ್ದಾರೆ. ಬಾಳಿನ ನಡುವೆ ದೇವರನ್ನು ಇರಿಸಿಕೊಳ್ಳುವ ಹಟವನ್ನು ಅವರು ಯಾವ ಪಾದ್ರಿಯಿಂದಲೂ ಕಲಿಯಲಿಲ್ಲ, ಅದು ಪಿತ್ರಾರ್ಜಿತ. ಆ ದೇವರು ಯಾರೆಂಬ ಪ್ರಶ್ನೆಗಷ್ಟೇ ಮಗಳು ಬೇರೆ ಉತ್ತರವನ್ನು ಕಂಡುಕೊಂಡರು.

ಇಂಗ್ಲೆಂಡಿನ ವಾಂಟೇಜಿನಲ್ಲಿ ದೀಕ್ಷಾಸ್ನಾನ ಪಡೆದ ಮೇಲೂ ಅವರು ವಿಧೇಯ ಶಿಷ್ಯೆಯಾಗಲಿಲ್ಲ. ತ್ರಯೈಕ್ಯ ಸಿದ್ಧಾಂತವನ್ನು ಪ್ರಶ್ನಿಸಿದರು. ಶಿಲುಬೆಯ ಮೇಲಿನ ಲ್ಯಾಟಿನ್ ಬರಹ ಭಾರತದ ಹೆಂಗಸಿಗೆ ಏನನ್ನು ಹೇಳೀತು, ಸಂಸ್ಕೃತವೇಕಾಗಬಾರದು ಎಂದು ಸೋದರಿ ಜೆರಾಲ್ಡಿನ್ ಅವರೊಡನೆ ಪತ್ರಮುಖೇನ ವಾದಿಸಿದರು. ಸಭೆಯ ಅಧಿಕಾರಿಗಳ ಮಾತಿಗಿಂತ ತನ್ನ ಅಂತಃಸಾಕ್ಷಿಗೆ ದೇವರು ತೋರಿಸಿದ್ದೇ ಪ್ರಮಾಣವೆಂಬುದು ಅವರ ನಿಲುವು. ಗುರುಸ್ಥಾನದಲ್ಲಿದ್ದವರು ಇದನ್ನು ಅಹಂಕಾರವೆಂದೆಣಿಸಿದರು. ಇದು ಪೂರ್ತಿ ಸುಳ್ಳೆಂದು ನಾನು ಹೇಳಲಾರೆ. ಆದರೆ ದೇವರು ಕೇಂದ್ರವಾದ ಮೇಲೆ ಬಿಷಪ್ಪನು ಪರಿಧಿಗೆ ಸರಿಯಲೇಬೇಕಷ್ಟೆ.

ಸುಮಾರು ಎಂಟು ವರ್ಷಗಳ ಬಳಿಕ ಅವರು ತಮ್ಮನ್ನೇ ಪರೀಕ್ಷಿಸಿಕೊಂಡರು. ಪಾದ್ರಿಯಾಗಿ ಎಷ್ಟೋ ಕಾಲದ ಅನಂತರ ತನ್ನದೇ ಉಪದೇಶಪೀಠದಲ್ಲಿ ಮನಸ್ಸು ತಿರುಗಿದ ವಿಲಿಯಂ ಹ್ಯಾಸ್ಲಂ ಎಂಬವರ ಆತ್ಮಕಥನ ಅವರ ಕೈಸೇರಿತ್ತು. ಅದನ್ನು ಓದಿ, ತಾವು ಕ್ರೈಸ್ತಧರ್ಮವನ್ನು ಕಂಡುಕೊಂಡಿದ್ದೇವೆಯೇ ಹೊರತು ಕ್ರಿಸ್ತನನ್ನಲ್ಲವೆಂಬ ನಿರ್ಣಯಕ್ಕೆ ಬಂದರು. 1907ರ ತಮ್ಮ ಸಾಕ್ಷ್ಯಕಥನದಲ್ಲಿ ಇದನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾರೆ.

ಈ ನಿರ್ಣಯಕ್ಕೆ ಬೆಲೆ ತೆರಬೇಕಾಯಿತು. 1889ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ ಮರುವರ್ಷ ಪುಣೆಗೆ ಬಂದ ಶಾರದಾ ಸದನದಲ್ಲಿ ವಿಧವೆಯರ ಮತಾಚಾರಕ್ಕೆ ಕೈಹಾಕುವುದಿಲ್ಲವೆಂಬ ವಚನವಿತ್ತು. ರಮಾಬಾಯಿಯವರು ತಮ್ಮ ಪ್ರಾರ್ಥನೆಯನ್ನು ಬಾಗಿಲು ತೆರೆದೇ ಮಾಡುತ್ತಿದ್ದರು. ಕೆಲವು ಹುಡುಗಿಯರು ತಾವಾಗಿ ಬಂದು ಕುಳಿತರು. 1893ರಲ್ಲಿ ರಾನಡೆ, ಭಾಂಡಾರಕರರಂಥ ಹಿತೈಷಿಗಳೇ ಸಲಹಾಸಮಿತಿಯನ್ನು ಬಿಟ್ಟರು. ಪೋಷಕರು ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಟಿಳಕರ 'ಕೇಸರಿ'ಯ ಟೀಕೆ ಕಟುವಾಗಿತ್ತು. ನನ್ನ ದೃಷ್ಟಿಯಲ್ಲಿ ಇಲ್ಲಿ ಯಾರೂ ವಂಚಕರಲ್ಲ. ಬಾಗಿಲು ಮುಚ್ಚಿ ಪ್ರಾರ್ಥಿಸೆಂದರೆ ದೇವರನ್ನು ಬಾಳಿನ ಮೂಲೆಗೆ ತಳ್ಳೆಂದಂತೆ. ಅವರು ಒಪ್ಪದಿದ್ದುದು ಸಹಜ. ಆದರೆ ಬೇರೆಲ್ಲಿಯೂ ಆಸರೆಯಿಲ್ಲದ ಹದಿನೈದರ ಬಾಲವಿಧವೆ ಅನ್ನವಿಟ್ಟ ತಾಯಿಯ ದೇವರ ಕಡೆಗೆ ತಿರುಗಿದಾಗ ಆ ಆಯ್ಕೆ ಎಷ್ಟುಮಟ್ಟಿಗೆ ಸ್ವತಂತ್ರ? ಆ ಪ್ರಶ್ನೆಯನ್ನು ರಾನಡೆಯವರ ಮಟ್ಟದವರು ಎತ್ತಿದರೆ ಅದನ್ನು ಮತಾಂಧತೆಯೆಂದು ತಳ್ಳಿಹಾಕುವಂತಿಲ್ಲ.

ಇನ್ನು ಹಣದ ಮಾತು. ಬ್ಯಾಂಕಿನ ಖಾತೆಪುಸ್ತಕಗಳ ನಡುವೆ ಕಾಲ ಕಳೆಯುವ ನನ್ನನ್ನು ಬಹುವಾಗಿ ಸೆಳೆದದ್ದು ಇದೇ. 1887ರಲ್ಲಿ ಬಾಸ್ಟನ್ನಿನಲ್ಲಿ ಸ್ಥಾಪಿತವಾದ ಅಮೆರಿಕದ ರಮಾಬಾಯಿ ಸಂಘವು ಹತ್ತು ವರ್ಷಗಳ ನೆರವಿಗೆ ಮಾತುಕೊಟ್ಟಿತ್ತು. ಅವಧಿ ತೀರಿದರೆ ಗತಿಯೇನೆಂದು ರಮಾಬಾಯಿಯವರು ಎಲ್ಲ ವಿವೇಕಿಗಳಂತೆ ಯೋಚಿಸಿ, ಹಣ್ಣಿನ ತೋಟದ ಆದಾಯದಿಂದ ಸದನವನ್ನು ನಡೆಸಲೆಂದು ಕೇಡಗಾಂವಿನಲ್ಲಿ ಜಮೀನನ್ನು ಕೊಂಡರು. ಅದೇ ಕಾಲಕ್ಕೆ ಇಂಗ್ಲೆಂಡಿನ ಜಾರ್ಜ್ ಮ್ಯೂಲರರು ಮೂಲಧನವಿಲ್ಲದೆ, ಯಾರನ್ನೂ ಬೇಡದೆ ಅನಾಥಾಲಯ ನಡೆಸಿದ ಕಥೆಯನ್ನು ಓದಿ, ಭಾರತದಲ್ಲಿಯೂ ದೇವರನ್ನು ಹೀಗೆ ನಂಬಬಾರದೇಕೆ ಎಂದು ಯೋಚಿಸಿದರು. ತೋಟ ಫಲ ಕೊಡುವ ಮೊದಲೇ 1896ರ ಬರ ಬಂತು. ಮಧ್ಯಪ್ರಾಂತಕ್ಕೆ ತಾವೇ ಹೋಗಿ ಹಸಿದ ಹುಡುಗಿಯರನ್ನು ನೂರಾರು ಸಂಖ್ಯೆಯಲ್ಲಿ ಕರೆತಂದರು. 1900ರ ಗುಜರಾತ್ ಬರದ ಹೊತ್ತಿಗೆ ಆಶ್ರಮವಾಸಿಗಳು ಸಾವಿರವನ್ನು ಮೀರಿದ್ದರು. ಇಷ್ಟು ಜನಕ್ಕೆ ಶಾಶ್ವತ ನಿಧಿಯಿರಲಿಲ್ಲ. ಯಾವ ಬ್ಯಾಂಕೂ ಇಂಥ ಜಮಾಖರ್ಚನ್ನು ಮೆಚ್ಚಿ ಸಾಲ ಕೊಡದು. ಹಾಗೆಂದು ಆಕಾಶದಿಂದ ಹಣ ಸುರಿಯಿತೆನ್ನುವ ಭಕ್ತರ ವರ್ಣನೆಯೂ ಅತಿಶಯೋಕ್ತಿಯೇ: ಆಶ್ರಮದ ಅಗತ್ಯಗಳು ವಿದೇಶದ ಮಿತ್ರರಿಗೆ ಪತ್ರ, ಪತ್ರಿಕೆಗಳ ಮೂಲಕ ತಿಳಿಯುತ್ತಲೇ ಇದ್ದವು; ಹುಡುಗಿಯರು ನೇಯ್ದರು, ಉತ್ತರು, ಗಾಣದಲ್ಲಿ ಎಣ್ಣೆ ತೆಗೆದರು. ಹಸಿದ ಮಗುವನ್ನು ಒಳಗೆ ಸೇರಿಸುವ ಮುನ್ನ ಕೈಯಲ್ಲಿರುವ ಶಿಲ್ಕನ್ನು ನೋಡಲಿಲ್ಲವೆಂಬುದಷ್ಟೇ ನಿಜ. ತಂದೆಯ ಮನೆ ಬರಗಾಲದಲ್ಲಿ ಇದ್ದುದನ್ನೆಲ್ಲ ದೇವರ ಹೆಸರಿನಲ್ಲಿ ಕಳೆದು ಉಪವಾಸ ಬಿತ್ತು. ಮಗಳು ಅದೇ ಹೆಸರಿನಲ್ಲಿ ಬರಗಾಲದ ಹಸಿದವರಿಗೆ ಉಣಬಡಿಸಿದರು.

ಕೊನೆಯ ವರ್ಷಗಳನ್ನು ಬೈಬಲ್ಲಿನ ಮರಾಠಿ ಅನುವಾದ ತೆಗೆದುಕೊಂಡಿತು. ಅದಕ್ಕಾಗಿ ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತರು. ಒಂದು ಕಾಲಕ್ಕೆ ಶಿಲುಬೆಗೆ ಸಂಸ್ಕೃತವನ್ನು ಬೇಡಿದ್ದ ಪಂಡಿತೆ ಈಗ ಹಳೆಯ ಅನುವಾದದ ಸಂಸ್ಕೃತ ಪದಗಳನ್ನು ಕಿತ್ತು, ಹೊಲದಲ್ಲಿ ದುಡಿಯುವ ಹೆಂಗಸಿಗೆ ತಿಳಿಯುವ ಮಾತುಗಳನ್ನು ಹುಡುಕಿದರು. ಮೊಳೆ ಜೋಡಿಸಿ ಅಚ್ಚುಮಾಡಿದವರು ಆಶ್ರಮದ ಹೆಂಗಸರೇ. 1921ರಲ್ಲಿ ಒಬ್ಬಳೇ ಮಗಳು ಮನೋರಮೆ ತೀರಿಕೊಂಡಳು. ತಾಯಿ ಅನುವಾದವನ್ನು ಮುಗಿಸಿದರು. 1922ರ ಏಪ್ರಿಲ್ 5ರಂದು ಕೇಡಗಾಂವಿನಲ್ಲಿಯೇ ನಿಧನ ಹೊಂದಿದರು.