ಹುಲ್ಲು ಬಂತು, ಪೊದೆ ಹೋಯ್ತು: ಅಮೆರಿಕದ ಮರುಭೂಮಿಯಲ್ಲಿ ನೀರು-ಇಂಗಾಲದ ಲೆಕ್ಕ ತಪ್ಪಿದ್ದು ಹೇಗೆ?

ಬರಡು ನೆಲದಲ್ಲಿ ಹಸಿರು ಕಂಡರೆ ಖುಷಿಪಡಬೇಕು ಅಂತ ನಮಗೆ ಶಾಲೆಯಿಂದಲೇ ಹೇಳಿಕೊಟ್ಟಿದ್ದಾರೆ. ಆದರೆ ಅದು ಯಾವ ಹಸಿರು, ಎಷ್ಟು ದಿನ ಇರುತ್ತೆ, ಬೇರು ಎಷ್ಟು ಆಳಕ್ಕಿದೆ ಅಂತ ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಪಶ್ಚಿಮ ಅಮೆರಿಕದ ಗ್ರೇಟ್ ಬೇಸಿನ್ ದೊಡ್ಡ ಉದಾಹರಣೆ. ಹೊರಗಿನಿಂದ ಬಂದ ಒಂದು ಹುಲ್ಲು ಅಲ್ಲಿನ ನೀರು ಮತ್ತು ಇಂಗಾಲದ ಚಕ್ರ ಎರಡನ್ನೂ ಬದಲಿಸಿದೆ. ಹವಾಮಾನ, ನೆಲದ ಹಕ್ಕು ಅಂತ ಮಾತಾಡುವವರೆಲ್ಲ ಇದನ್ನು ತಿಳಿದಿರಬೇಕು ಅನ್ನೋದು ನನ್ನ ಅಭಿಪ್ರಾಯ.

ಎಲ್ಲಿದೆ ಈ ನೆಲ?

ಸಿಯೆರಾ ನೆವಾಡಾ ಪರ್ವತಗಳಿಗೂ ಯೂಟಾದ ವಾಸಾಚ್ ಬೆಟ್ಟಗಳಿಗೂ ನಡುವಿನ ಪ್ರದೇಶವೇ ಗ್ರೇಟ್ ಬೇಸಿನ್. ನೆವಾಡಾ ರಾಜ್ಯದ ಬಹುಭಾಗ ಇದರೊಳಗೇ ಬರುತ್ತದೆ. ಇಲ್ಲಿ ಬಿದ್ದ ನೀರು ಸಮುದ್ರ ಸೇರುವುದಿಲ್ಲ. ಇದು ಚಳಿಯ ಮರುಭೂಮಿ. ನೆಲಕ್ಕೆ ತೇವ ಸಿಗುವುದು ಹೆಚ್ಚಾಗಿ ಚಳಿಗಾಲದ ಹಿಮದಿಂದ, ಬೇಸಿಗೆ ಒಣ. ಇಲ್ಲಿನ ಮುಖ್ಯ ಗಿಡ ಸೇಜ್‌ಬ್ರಷ್ ಎಂಬ ಬೂದುಹಸಿರು ಪೊದೆ. ಪೊದೆಗಳ ನಡುವೆ ಗುಂಪುಗುಂಪಾಗಿ ವರ್ಷಾನುಗಟ್ಟಲೆ ಬದುಕುವ ಹುಲ್ಲು, ಅದರ ನಡುವೆ ಮಣ್ಣನ್ನು ಹಿಡಿದಿಡುವ ಪಾಚಿ, ಕಲ್ಲುಹೂವುಗಳ ತೆಳು ಪದರ.

ಇದರೊಳಗೆ ನುಗ್ಗಿದ್ದು ಚೀಟ್‌ಗ್ರಾಸ್. ಯುರೋಪ್, ಏಷ್ಯಾ ಮೂಲದ ಈ ಹುಲ್ಲು 19ನೇ ಶತಮಾನದಲ್ಲಿ ಬಿತ್ತನೆ ಕಾಳಿನಲ್ಲಿ ಬೆರೆತು ಬಂತು. ನಮ್ಮಲ್ಲಿ ಕಾಂಗ್ರೆಸ್ ಗಿಡ ಆಮದು ಗೋಧಿಯ ಜೊತೆ ಬಂತು ಅಂತಾರಲ್ಲ, ಹಾಗೆ. ಬಂದರಷ್ಟೇ ಸಾಲದು, ಅದಕ್ಕೆ ಖಾಲಿ ಜಾಗವೂ ಬೇಕು. ಲಂಗುಲಗಾಮಿಲ್ಲದೆ ಮೇಯಿಸಿದ ದನ, ಕುರಿಗಳು ಸ್ಥಳೀಯ ಹುಲ್ಲನ್ನು ಮುಗಿಸಿದವು, ಪಾಚಿಯ ಪದರವನ್ನು ತುಳಿದು ಪುಡಿ ಮಾಡಿದವು. 1930ರ ಹೊತ್ತಿಗೆ ಚೀಟ್‌ಗ್ರಾಸ್ ಆ ಪ್ರದೇಶದ ಉದ್ದಗಲಕ್ಕೂ ಹರಡಿತ್ತು.

ನೀರಿನ ಲೆಕ್ಕ

ಸೇಜ್‌ಬ್ರಷ್‌ಗೆ ಎರಡು ಬಗೆಯ ಬೇರು: ಮೇಲ್ಪದರದಲ್ಲಿ ಹರಡುವ ಬೇರು, ಆಳಕ್ಕಿಳಿಯುವ ಬೇರು. ಗಾಳಿಗೆ ಹಾರುವ ಹಿಮವನ್ನು ಪೊದೆ ತಡೆದು ನಿಲ್ಲಿಸುತ್ತದೆ, ಅದು ಕರಗಿ ಮಣ್ಣಿನಾಳಕ್ಕೆ ಇಳಿಯುತ್ತದೆ. ಬೇಸಿಗೆಯಲ್ಲಿ ಗಿಡ ಆ ಆಳದ ನೀರನ್ನು ಸ್ವಲ್ಪಸ್ವಲ್ಪವೇ ಬಳಸುತ್ತದೆ. ಇನ್ನೊಂದು ಸೋಜಿಗವೂ ಇದೆ. ರಾತ್ರಿ ಹೊತ್ತು ಬೇರುಗಳ ಮೂಲಕ ಆಳದ ನೀರು ಮೇಲೆ ಬಂದು ಒಣಗಿದ ಮೇಲ್ಮಣ್ಣಿಗೆ ಜಿನುಗುತ್ತದೆ. ಜೇಮ್ಸ್ ರಿಚರ್ಡ್ಸ್ ಮತ್ತು ಮಾರ್ಟಿನ್ ಕಾಲ್ಡ್‌ವೆಲ್ 1987ರಲ್ಲಿ ಪ್ರಕಟಿಸಿದ ಸಂಶೋಧನೆ ಇದನ್ನು ಸೇಜ್‌ಬ್ರಷ್‌ನಲ್ಲೇ ತೋರಿಸಿಕೊಟ್ಟಿತು. ಅಕ್ಕಪಕ್ಕದ ಗಿಡಗಳಿಗೂ ಇದರ ಪಾಲು ಸಿಗುತ್ತದೆ.

ಚೀಟ್‌ಗ್ರಾಸ್‌ನ ಲೆಕ್ಕವೇ ಬೇರೆ. ಅದು ಚಳಿಗಾಲಕ್ಕೆ ಮುಂಚೆಯೇ ಮೊಳೆತು, ಚಳಿಯಲ್ಲೂ ಬೇರು ಬಿಡುತ್ತಾ ಇರುತ್ತದೆ. ವಸಂತದಲ್ಲಿ ಸ್ಥಳೀಯ ಸಸಿಗಳು ಕಣ್ಣು ಬಿಡುವಷ್ಟರಲ್ಲಿ ಮೇಲ್ಮಣ್ಣಿನ ನೀರನ್ನು ಹೀರಿಯಾಗಿರುತ್ತದೆ. ಬೀಜ ಉದುರಿಸಿ ಜೂನ್ ಹೊತ್ತಿಗೆ ಒಣಗಿ ಹೋಗುತ್ತದೆ. ಆಮೇಲೆ ಬೇಸಿಗೆಯಿಡೀ ನೆಲದ ಮೇಲೆ ಜೀವಂತ ಗಿಡವೇ ಇಲ್ಲ. ರಾತ್ರಿ ನೀರೆತ್ತುವ ಬೇರೂ ಇಲ್ಲ, ಹಿಮ ಹಿಡಿಯುವ ಪೊದೆಯೂ ಇಲ್ಲ. ವರ್ಷವಿಡೀ ಹಂಚಿ ಬಳಸುತ್ತಿದ್ದ ನೀರು ಕೆಲವೇ ವಾರಗಳ ಖರ್ಚಾಯಿತು.

ಬೆಂಕಿ, ಆಮೇಲೆ ಇಂಗಾಲ

ಹಿಂದೆ ಪೊದೆಗಳ ನಡುವೆ ಖಾಲಿ ಜಾಗ ಇರುತ್ತಿದ್ದರಿಂದ ಬೆಂಕಿ ಹರಡುವುದು ಕಷ್ಟವಿತ್ತು. ಈಗ ಆ ಜಾಗದಲ್ಲೆಲ್ಲ ಒಣ ಹುಲ್ಲಿನ ಹಾಸು. ಜೆನಿಫರ್ ಬಾಲ್ಚ್ ಮತ್ತು ಸಂಗಡಿಗರ 2013ರ ಅಧ್ಯಯನದ ಪ್ರಕಾರ, ಗ್ರೇಟ್ ಬೇಸಿನ್‌ನಲ್ಲಿ 2000ದ ದಶಕದ 50 ಅತಿದೊಡ್ಡ ಬೆಂಕಿಗಳಲ್ಲಿ 39ರಲ್ಲಿ ಚೀಟ್‌ಗ್ರಾಸ್ ಪಾತ್ರವಿತ್ತು. ಸುಟ್ಟ ಸೇಜ್‌ಬ್ರಷ್ ಬುಡದಿಂದ ಚಿಗುರುವುದಿಲ್ಲ, ಬೀಜದಿಂದಲೇ ಹುಟ್ಟಬೇಕು. ಆ ಬೀಜ ದೂರ ಹೋಗುವುದಿಲ್ಲ, ಹೆಚ್ಚು ದಿನ ಬಾಳುವುದೂ ಇಲ್ಲ. ಹುಲ್ಲು ಮಾತ್ರ ಮರುವರ್ಷವೇ ಹಾಜರ್. ಮತ್ತೆ ಬೆಂಕಿ, ಮತ್ತಷ್ಟು ಹುಲ್ಲು.

ಇಂಗಾಲ ಕೈತಪ್ಪುವುದು ಇಲ್ಲೇ. ಪೊದೆ ದಶಕಗಟ್ಟಲೆ ಬದುಕಿ ಕಾಂಡದಲ್ಲಿ, ಆಳದ ಬೇರಿನಲ್ಲಿ ಇಂಗಾಲ ಕೂಡಿಡುತ್ತದೆ. ಚೀಟ್‌ಗ್ರಾಸ್ ಒಂದು ವರ್ಷದಲ್ಲಿ ಗಳಿಸಿದ್ದನ್ನು ಬಹುಮಟ್ಟಿಗೆ ಕೊಳೆತೋ ಸುಟ್ಟೋ ವಾಪಸ್ ಕೊಡುತ್ತದೆ. ಅದರ ಬೇರು ಮೇಲ್ಮಣ್ಣಿಗಷ್ಟೇ ಸೀಮಿತವಾದ್ದರಿಂದ ಆಳಕ್ಕೆ ಹೊಸ ಇಂಗಾಲ ಸೇರುವುದೂ ಕಮ್ಮಿ. ಬೆಥನಿ ಬ್ರಾಡ್ಲಿ ಮತ್ತು ಸಂಗಡಿಗರು 2006ರಲ್ಲಿ ಅಂದಾಜಿಸಿದಂತೆ, ಈ ಬದಲಾವಣೆಯಿಂದ ಅಷ್ಟರಲ್ಲಾಗಲೇ ಸುಮಾರು 80 ಲಕ್ಷ ಟನ್ ಇಂಗಾಲ ವಾತಾವರಣ ಸೇರಿತ್ತು. ಮುಂದಿನ ದಶಕಗಳಲ್ಲಿ ಇನ್ನೂ 5 ಕೋಟಿ ಟನ್‌ನಷ್ಟು ಸೇರಬಹುದು ಎಂದೂ ಅವರು ಲೆಕ್ಕ ಹಾಕಿದ್ದರು.

ಗಮನಿಸಿ, ಒಳ್ಳೆ ಮಳೆ ಬಂದ ವರ್ಷ ಉಪಗ್ರಹದ ಚಿತ್ರದಲ್ಲಿ ಚೀಟ್‌ಗ್ರಾಸ್ ನೆಲ ಸ್ಥಳೀಯ ಪೊದೆಗಳ ನೆಲಕ್ಕಿಂತ ಹೆಚ್ಚು ಹಸಿರಾಗಿ ಹೊಳೆಯುತ್ತದೆ. ವಿಜ್ಞಾನಿಗಳು ಅದನ್ನು ಪತ್ತೆ ಮಾಡುವುದೇ ಹೀಗೆ. ಅಂದರೆ ಹಸಿರು ಜಾಸ್ತಿಯಾದ ಜಾಗದಲ್ಲೇ ಇಂಗಾಲದ ಉಳಿತಾಯ ಕರಗುತ್ತಿದೆ.

ಇದು ಯಾಕೆ ರಾಜಕೀಯ?

ಈ ನೆಲ ಮೂಲತಃ ಶೋಶೋನಿ, ಪಾಯೂಟ್ ಮೊದಲಾದ ಮೂಲನಿವಾಸಿಗಳದ್ದು. 1863ರ ರೂಬಿ ವ್ಯಾಲಿ ಒಪ್ಪಂದದಲ್ಲಿ ತಾವು ನೆಲ ಬಿಟ್ಟುಕೊಟ್ಟಿಲ್ಲ ಎಂಬುದು ಪಶ್ಚಿಮ ಶೋಶೋನಿಗಳ ವಾದ. ಒಕ್ಕೂಟ ಸರ್ಕಾರದ ಹುಲ್ಲುಗಾವಲುಗಳಲ್ಲಿ ಮೇವಿಗೆ ಪರವಾನಗಿ ಕಡ್ಡಾಯ ಮಾಡಿದ ಟೇಲರ್ ಕಾಯ್ದೆ ಬಂದಿದ್ದು 1934ರಲ್ಲಿ, ಹಾನಿಯೆಲ್ಲ ಆದಮೇಲೆ. ಇವತ್ತೂ ನೆವಾಡಾದ ಸುಮಾರು ಶೇ 80ರಷ್ಟು ನೆಲ ಒಕ್ಕೂಟ ಸರ್ಕಾರದ ಕೈಯಲ್ಲಿದೆ. ದನ ಮೇಯಿಸಿದರೆ ಬೆಂಕಿಗೆ ಮೇವು ಕಮ್ಮಿಯಾಗುತ್ತೆ ಅಂತ ರ‍್ಯಾಂಚ್ ಮಾಲೀಕರು, ಅನಾಹುತಕ್ಕೆ ಮೇಯಿಸಿದ್ದೇ ಕಾರಣ ಅಂತ ಪರಿಸರವಾದಿಗಳು ಜಗಳವಾಡುತ್ತಾರೆ. ನನ್ನ ಪ್ರಕಾರ ಇಬ್ಬರ ಮಾತಿನಲ್ಲೂ ಹುರುಳಿದೆ: ವಸಂತದಲ್ಲಿ ಮಿತವಾಗಿ ಮೇಯಿಸುವುದಕ್ಕೂ ನೆಲ ಬೋಳಾಗುವಷ್ಟು ಮೇಯಿಸುವುದಕ್ಕೂ ವ್ಯತ್ಯಾಸವಿದೆ. ಆದರೆ ಲಾಭ ಕೆಲವರ ಜೇಬಿಗೆ, ನಷ್ಟ ಎಲ್ಲರ ಗಾಳಿಗೆ ಹೋಗಿದ್ದನ್ನು ಮರೆಯುವಂತಿಲ್ಲ.

ನಮಗೂ ಇದರಲ್ಲಿ ಪಾಠವಿದೆ. ಗುಜರಾತಿನ ಬನ್ನಿ ಹುಲ್ಲುಗಾವಲಿನ ಅಂಚಿನಲ್ಲಿ 1960ರ ದಶಕದಲ್ಲಿ ಅರಣ್ಯ ಇಲಾಖೆಯೇ ನೆಟ್ಟ ಬಳ್ಳಾರಿ ಜಾಲಿ, ಮುಂದೆ ಆ ಹುಲ್ಲುಗಾವಲನ್ನೇ ನುಂಗುತ್ತಾ ಹೋಯಿತು. ಅಲ್ಲಿ ಪೊದೆಯ ಜಾಗಕ್ಕೆ ಹುಲ್ಲು, ಇಲ್ಲಿ ಹುಲ್ಲಿನ ಜಾಗಕ್ಕೆ ಜಾಲಿ. ಎರಡೂ ಕಡೆ ಮೇಲುನೋಟಕ್ಕೆ ಹಸಿರೇ. ಹಾಗಾಗಿ ಸರ್ಕಾರವೋ ಕಂಪನಿಯೋ ಇಷ್ಟು ಹೆಕ್ಟೇರ್ ಹಸಿರು ಮಾಡಿದ್ದೇವೆ ಅಂತ ಹೇಳಿದಾಗ ನಾವು ಮೂರು ಪ್ರಶ್ನೆ ಕೇಳಬೇಕು. ಅಲ್ಲಿ ಮೊದಲು ಏನಿತ್ತು? ಈಗಿನ ಗಿಡ ನೀರನ್ನು ಯಾವಾಗ, ಎಷ್ಟು ಆಳದಿಂದ ಎಳೆಯುತ್ತಿದೆ? ಅದು ಹಿಡಿದ ಇಂಗಾಲ 50 ವರ್ಷ ಆದಮೇಲೂ ಮಣ್ಣಿನಲ್ಲೇ ಇರುತ್ತದೆಯೇ?