ಸ್ವಾಗತದ ಕುಣಿತ ಮತ್ತು ಜೂಕನ್ ಗುಹೆ

ಪ್ರತಿ ವರ್ಷ ಮೇ 27ರಿಂದ ಜೂನ್ 3ರವರೆಗೆ ಆಸ್ಟ್ರೇಲಿಯದ ಬ್ಯಾಂಕು, ಆಸ್ಪತ್ರೆ, ಗಣಿ ಕಂಪೆನಿ, ಸರಕಾರಿ ಕಚೇರಿಗಳಲ್ಲಿ ರಾಷ್ಟ್ರೀಯ ಸಾಮರಸ್ಯ ಸಪ್ತಾಹ ನಡೆಯುತ್ತದೆ. ಮೂಲನಿವಾಸಿ ಹಿರಿಯರೊಬ್ಬರು ಬಂದು ನೌಕರರನ್ನು ತಮ್ಮ ನೆಲಕ್ಕೆ ಸ್ವಾಗತಿಸುತ್ತಾರೆ. ಕೆಲವೆಡೆ ಹಸಿ ಎಲೆಗಳ ಹೊಗೆ ಹಾಕುತ್ತಾರೆ, ಡಿಜರಿಡೂ ಎಂಬ ಉದ್ದನೆಯ ಮರದ ವಾದ್ಯ ಊದುತ್ತಾರೆ, ಕುಣಿಯುತ್ತಾರೆ.

ಈ ದಿನಾಂಕಗಳನ್ನು ಸುಮ್ಮನೆ ಆರಿಸಿದ್ದಲ್ಲ. ಮೂಲನಿವಾಸಿಗಳನ್ನೂ ದೇಶದ ಜನಗಣತಿಯಲ್ಲಿ ಎಣಿಸಬೇಕೆಂದು ಶೇ. 90ಕ್ಕೂ ಹೆಚ್ಚು ಮತದಾರರು ಒಪ್ಪಿದ್ದು 1967ರ ಮೇ 27ರಂದು. ಬ್ರಿಟಿಷರು ಬಂದಾಗ ಈ ನೆಲಕ್ಕೆ ಒಡೆಯರೇ ಇರಲಿಲ್ಲ ಎಂಬ ವಾದವನ್ನು ಹೈಕೋರ್ಟು ತಳ್ಳಿಹಾಕಿದ್ದು 1992ರ ಜೂನ್ 3ರಂದು. ಮೊಕದ್ದಮೆ ಹೂಡಿದ ಎಡ್ಡಿ ಮಾಬೋ ತೀರ್ಪು ಕೇಳಲು ಬದುಕಿರಲಿಲ್ಲ. ಅದೇ ವರ್ಷದ ಜನವರಿಯಲ್ಲಿ ತೀರಿಕೊಂಡಿದ್ದರು.

ಇದಕ್ಕೂ ಮೊದಲು ಕೆಲಸದ ಜಾಗದಲ್ಲಿ ನಡೆದ ದೊಡ್ಡ ಹೋರಾಟವೊಂದಿದೆ. ಉತ್ತರದ ವೇವ್ ಹಿಲ್ ಎಂಬಲ್ಲಿ ಬ್ರಿಟಿಷ್ ಒಡೆತನದ ದನದ ಫಾರ್ಮ್ ಇತ್ತು. ಅಲ್ಲಿ ದುಡಿಯುತ್ತಿದ್ದ ಗುರಿಂಜಿ ಜನರಿಗೆ ಸಿಗುತ್ತಿದ್ದುದು ಹಿಟ್ಟು, ಸಕ್ಕರೆ, ಚಹಾಪುಡಿ ಮತ್ತು ಬಿಳಿಯರಿಗಿಂತ ತೀರಾ ಕಡಿಮೆ ಕೂಲಿ. 1966ರ ಆಗಸ್ಟಿನಲ್ಲಿ ವಿನ್ಸೆಂಟ್ ಲಿಂಗಿಯಾರಿಯವರ ಹಿಂದೆ ಸುಮಾರು 200 ಮಂದಿ ಕೆಲಸ ಬಿಟ್ಟು ಹೊರನಡೆದರು. ಕೂಲಿಯ ಬೇಡಿಕೆ ಬೇಗನೆ ಭೂಮಿಯ ಬೇಡಿಕೆಯಾಯಿತು. ಒಂಬತ್ತು ವರ್ಷಗಳ ಬಳಿಕ, 1975ರಲ್ಲಿ, ಪ್ರಧಾನಿ ವಿಟ್ಲಮ್ ಅವರ ಅಂಗೈಗೆ ಮಣ್ಣು ಸುರಿದು ಜಮೀನಿನ ಒಂದು ಭಾಗವನ್ನು ಮರಳಿಸಿದರು. ನನಗೆ ಅದು ಕಚೇರಿಗಳ ಎಷ್ಟೋ ಸಪ್ತಾಹಗಳಿಗಿಂತ ದೊಡ್ಡದಾಗಿ ಕಾಣುತ್ತದೆ.

ಕಂಪೆನಿಗಳು ಲಿಖಿತವಾಗಿ ಮಾತು ಕೊಡುವ ‘ಸಾಮರಸ್ಯ ಕ್ರಿಯಾ ಯೋಜನೆ’ ಆರಂಭವಾದದ್ದು 2006ರಲ್ಲಿ. ಇಷ್ಟು ಮಂದಿಗೆ ಉದ್ಯೋಗ, ಮೂಲನಿವಾಸಿ ವ್ಯಾಪಾರಿಗಳಿಂದ ಖರೀದಿ, ಸಿಬ್ಬಂದಿಗೆ ಇತಿಹಾಸದ ತಿಳುವಳಿಕೆ ಇತ್ಯಾದಿ. ಇದರಿಂದ ಅನೇಕರಿಗೆ ಕೆಲಸ ಸಿಕ್ಕಿದ್ದು ನಿಜ. ಗಣಿ ದೈತ್ಯ ರಿಯೊ ಟಿಂಟೊ ಈ ಯೋಜನೆಯ ಮುಂಚೂಣಿಯಲ್ಲಿತ್ತು. ಅದೇ ಕಂಪೆನಿ 2020ರ ಮೇ 24ರಂದು, ಸಪ್ತಾಹಕ್ಕೆ ಮೂರೇ ದಿನ ಬಾಕಿಯಿರುವಾಗ, ಕಬ್ಬಿಣದ ಅದಿರಿಗಾಗಿ ಪಶ್ಚಿಮ ಆಸ್ಟ್ರೇಲಿಯದ ಜೂಕನ್ ಕಣಿವೆಯ ಎರಡು ಗುಹೆಗಳನ್ನು ಸ್ಫೋಟಿಸಿತು. ಒಂದರಲ್ಲಿ 46,000 ವರ್ಷಗಳ ಹಿಂದಿನ ಮಾನವ ವಾಸದ ಕುರುಹುಗಳಿದ್ದವು. ಅಲ್ಲಿ ಸಿಕ್ಕಿದ್ದ 4,000 ವರ್ಷ ಹಳೆಯ ಕೂದಲ ಹೆಣಿಗೆಯ ಡಿಎನ್‌ಎ ಇಂದಿನ ಜನರದ್ದಕ್ಕೆ ಹೊಂದಿತ್ತು. ಅಂದರೆ ನಾಶವಾದದ್ದು ಅವರದೇ ಅಜ್ಜಂದಿರ ಮನೆ.

ಯೋಜನೆಯ ಪಟ್ಟಿಯಿಂದ ಕಂಪೆನಿಯ ಹೆಸರು ಹೋಯಿತು, ಮುಖ್ಯಾಧಿಕಾರಿ ಹುದ್ದೆ ಬಿಟ್ಟರು. ಆದರೆ ಸ್ಫೋಟ ಕಾನೂನುಬಾಹಿರವಾಗಿರಲಿಲ್ಲ. 1972ರ ಕಾಯ್ದೆಯಡಿ 2013ರಲ್ಲೇ ಅನುಮತಿ ಸಿಕ್ಕಿತ್ತು. ಅದರ ಬದಲಿಗೆ ತಂದ ಹೊಸ ಕಾಯ್ದೆ 2023ರ ಜುಲೈ 1ರಂದು ಜಾರಿಗೆ ಬಂತು. ಜಮೀನುದಾರರು ಗಲಾಟೆ ಎಬ್ಬಿಸಿದರು. ಐದೇ ವಾರಗಳಲ್ಲಿ ರಾಜ್ಯ ಸರಕಾರ ಅದನ್ನು ಹಿಂತೆಗೆಯುವುದಾಗಿ ಸಾರಿ, 1972ರ ಕಾಯ್ದೆಯನ್ನೇ ಅಲ್ಪಸ್ವಲ್ಪ ತಿದ್ದಿ ಮರಳಿ ತಂದಿತು.